ಗೀಸರ್ ಬದಲಾಯಿಸುವ ಮುನ್ನ

ಚಳಿಗಾಲದ ಒಂದು ಮುಂಜಾನೆ. ಫಜ್ರ್ ನಮಾಝ್‌ಗೆ ವುಝೂ ಮಾಡಲು ಹೋದ ಅತ್ತೆ ನಲ್ಲಿ ಮುಟ್ಟಿದವರೇ "ಯಾ ಅಲ್ಲಾಹ್" ಎಂದು ಕೈ ಹಿಂದೆಳೆದುಕೊಂಡರು. ಚಳಿಗೆ ಕೈ ಜೋಮು ಹಿಡಿದಿರಬೇಕೆಂದು ಭಾವಿಸಿದೆ. ಅಂಬಾಜಿದುರ್ಗ ಬೆಟ್ಟದ ತಪ್ಪಲಿನ ನಮ್ಮ ಊರುಗಳಲ್ಲಿ ಡಿಸೆಂಬರ್ ತಿಂಗಳ ಬೆಳಗಿನ ನೀರು ಮುಟ್ಟಲಾಗದಷ್ಟು ತಣ್ಣಗಿರುತ್ತದೆ. ಆದರೆ ಅಂದು ಗೀಸರ್ ಉರಿಯುತ್ತಿತ್ತು. ನಾನು ಮುಟ್ಟಿದಾಗಲೂ ಬೆರಳ ತುದಿ ಜುಮ್ಮೆಂದಿತು. ಅದು ಚಳಿಯಲ್ಲ, ಕರೆಂಟು!

ಕೂಡಲೇ ಮೈನ್ ಸ್ವಿಚ್ ಆರಿಸಿದೆ. ಒದ್ದೆ ಕಾಲಿನಲ್ಲಿ, ಒದ್ದೆ ಕೈಯಲ್ಲಿ ನಿಂತಿದ್ದ ಎಪ್ಪತ್ತು ದಾಟಿದ ಜೀವಕ್ಕೆ ಏನಾದರೂ ಆಗಿದ್ದರೆ ಎಂದು ನೆನೆದರೆ ಈಗಲೂ ಎದೆ ನಡುಗುತ್ತದೆ. ನಿಜ ಹೇಳಬೇಕೆಂದರೆ, ಅದಕ್ಕೆ ಒಂದು ವಾರದ ಮೊದಲೇ ಮಗಳು "ಅಮ್ಮೀ, ನಲ್ಲಿ ಕಚ್ಚುತ್ತದೆ" ಎಂದಿದ್ದಳು. ಶಾಲೆಗೆ ಹೋಗಲು ಸೋಮಾರಿತನವೆಂದು ನಾನೇ ಗದರಿಸಿದ್ದೆ.

ನೀರಿನಿಂದಲೇ ಕೆಟ್ಟ ಗೀಸರ್

ಚಿಂತಾಮಣಿಯಿಂದ ಬಂದ ಮೆಕ್ಯಾನಿಕ್ ಹುಡುಗ ಗೀಸರ್ ಬಿಚ್ಚಿ, ಒಳಗಿನ ಎಲಿಮೆಂಟ್ ಹೊರತೆಗೆದು ತೋರಿಸಿದ. ಬೆರಳ ಗಾತ್ರದ ಕೊಳವೆ ಸುಣ್ಣದ ಕಲ್ಲಿನಂತೆ ಬೆಳ್ಳಗೆ ದಪ್ಪವಾಗಿತ್ತು. "ಅಕ್ಕಾ, ಇದು ಗೀಸರಿನ ತಪ್ಪಲ್ಲ, ನಿಮ್ಮ ಬೋರ್ ನೀರಿನದು" ಎಂದ.

ನಮ್ಮ ಜಿಲ್ಲೆಯಲ್ಲಿ ವರ್ಷವಿಡೀ ಹರಿಯುವ ನದಿಯಿಲ್ಲ. ಸಾವಿರ ಅಡಿ ದಾಟಿದ ಕೊಳವೆಬಾವಿಗಳು ನಮಗೆ ಹೊಸತೇನಲ್ಲ. ಬಂಡೆಯ ಸಂದಿನಿಂದ ಬರುವ ಈ ನೀರಿನಲ್ಲಿ ಕ್ಯಾಲ್ಸಿಯಂ, ಮೆಗ್ನೀಸಿಯಂ ಹೆಚ್ಚು. ಸೋಪು ನೊರೆ ಕಟ್ಟದಿರುವುದು, ಬೇಳೆ ಬೇಗ ಬೇಯದಿರುವುದು, ಟೀ ಪಾತ್ರೆಯ ತಳದಲ್ಲಿ ಬಿಳಿ ಪೊರೆ ಕೂರುವುದು ಇವೆಲ್ಲ ಈ ಗಡಸುತನದ ಗುರುತುಗಳೇ. ನೀರು ಹೆಚ್ಚು ಬಿಸಿಯಾದಷ್ಟೂ ಆ ಪೊರೆ ಬೇಗ ಕಟ್ಟುತ್ತದೆ. ಎಲಿಮೆಂಟ್ ಮೇಲೆ ಪೊರೆ ಕಟ್ಟಿದರೆ ಶಾಖ ನೀರಿಗೆ ಹೋಗದೆ ಒಳಗೇ ಉಳಿಯುತ್ತದೆ. ಕೊನೆಗೆ ಹೊರಗಿನ ಕೊಳವೆ ಬಿರುಕು ಬಿಟ್ಟು ಕರೆಂಟು ನೀರಿಗೆ ಇಳಿಯುತ್ತದೆ. ಶಿಡ್ಲಘಟ್ಟದಲ್ಲಿ ರೇಷ್ಮೆ ನೂಲು ಬಿಚ್ಚುವ ನಮ್ಮ ಸಂಬಂಧಿಕರು ಗೂಡು ಬೇಯಿಸಲು ಮೆದು ನೀರೇ ಬೇಕೆಂದು ಪರದಾಡುವುದನ್ನು ನೋಡಿದ್ದೆ. ಅದೇ ನೀರು ನನ್ನ ಬಚ್ಚಲುಮನೆಯಲ್ಲೂ ಕೆಲಸ ಮಾಡುತ್ತಿದೆಯೆಂದು ಹೊಳೆದಿರಲಿಲ್ಲ, ಅಷ್ಟೆ.

ಎಲಿಮೆಂಟ್, ಥರ್ಮೋಸ್ಟಾಟ್ ಕೆಟ್ಟರೆ ಅವುಗಳನ್ನು ಮಾತ್ರ ಬದಲಿಸಬಹುದು. ಸಾವಿರ, ಒಂದೂವರೆ ಸಾವಿರದಲ್ಲಿ ಕೆಲಸ ಮುಗಿಯುತ್ತದೆ. ಆದರೆ ಒಳಗಿನ ಟ್ಯಾಂಕೇ ತೂತಾಗಿ ಕೆಳಗೆ ನೀರು ಜಿನುಗುತ್ತಿದ್ದರೆ ಅದಕ್ಕೆ ರಿಪೇರಿ ಇಲ್ಲ. ನಮ್ಮದು ಹನ್ನೊಂದು ವರ್ಷದ ಗೀಸರ್, ಎರಡೂ ಆಗಿತ್ತು. ಸಹೋದರಿಯರು ಇಷ್ಟನ್ನು ನೆನಪಿಟ್ಟುಕೊಂಡರೆ ಸಾಕು, "ಪೂರ್ತಿ ಬದಲಾಯಿಸಲೇಬೇಕು" ಎನ್ನುವವರ ಮಾತನ್ನು ಪರೀಕ್ಷಿಸಬಹುದು. ನೀರು ಎಲ್ಲಿಂದ ಸೋರುತ್ತಿದೆ, ತೋರಿಸಿ ಎಂದು ಕೇಳಿ. ಪೈಪಿನ ಜೋಡಣೆಯಲ್ಲಿ ಸೋರಿದರೆ ಅದು ವಾಷರ್‌ನ ಕೆಲಸ.

ಅಂಗಡಿಯ ಬೆಲೆ, ಮನೆಯ ಬೆಲೆ

ಅಂಗಡಿಯಲ್ಲಿ ನಾನು ಪ್ರಶ್ನೆ ಕೇಳಿದರೆ ಅಲ್ಲಿನವರು ನನ್ನ ಯಜಮಾನರ ಮುಖ ನೋಡಿ ಉತ್ತರ ಹೇಳುತ್ತಿದ್ದರು. ಯಜಮಾನರೋ ನನ್ನ ಮುಖ ನೋಡುತ್ತಿದ್ದರು! ಗೀಸರ್ ಹಾಕುವುದು, ಆರಿಸುವುದು, ಎಷ್ಟು ಬಕೆಟ್ ಬೇಕೆಂಬ ಲೆಕ್ಕ ಎಲ್ಲವೂ ನಮ್ಮ ಕೈಯಲ್ಲಿರುವಾಗ ಕೊಳ್ಳುವಾಗಲೂ ನಾವೇ ಕೇಳಬೇಕು.

ಮೊದಲನೆಯದು ಅಳತೆ. ಗೀಸರಿನಲ್ಲಿ 60 ಡಿಗ್ರಿ ಕಾದ 15 ಲೀಟರ್ ನೀರಿಗೆ 20 ಡಿಗ್ರಿಯ ತಣ್ಣೀರು ಬೆರೆಸಿದರೆ ಸ್ನಾನಕ್ಕೆ ಹದವಾದ ಸುಮಾರು 30 ಲೀಟರ್ ಸಿಗುತ್ತದೆ, ಅಂದರೆ ಎರಡು ಸಣ್ಣ ಬಕೆಟ್. 25 ಲೀಟರಿನದಾದರೆ 50 ಲೀಟರ್. ಐದು ಜನರ ನಮ್ಮ ಮನೆಗೆ 25 ಲೀಟರಿನದೇ ಸರಿಯೆನಿಸಿತು. ಅದನ್ನು ಒಮ್ಮೆ ಪೂರ್ತಿ ಕಾಯಿಸಲು ಸುಮಾರು 1.2 ಯುನಿಟ್ ಬೇಕು. ದಿನಕ್ಕೆ ಎರಡು ಬಾರಿಯಾದರೆ ತಿಂಗಳಿಗೆ 70 ಯುನಿಟ್ ದಾಟುತ್ತದೆ. 2023ರಲ್ಲಿ ಆರಂಭವಾದ ಗೃಹಜ್ಯೋತಿ ಯೋಜನೆಯಲ್ಲಿ ತಿಂಗಳ ಬಳಕೆ 200 ಯುನಿಟ್ ಮೀರಿದರೆ ಬಿಲ್ಲನ್ನು ಪೂರ್ತಿಯಾಗಿ ಕಟ್ಟಬೇಕಾಗುವುದರಿಂದ ಈ ಲೆಕ್ಕವನ್ನು ಹಗುರವಾಗಿ ಕಾಣಬೇಡಿ. ಐಎಸ್‌ಐ ಮುದ್ರೆ ಮತ್ತು ನಕ್ಷತ್ರಗಳ ಚೀಟಿ ಎರಡನ್ನೂ ನೋಡಿ. ನಕ್ಷತ್ರ ಹೆಚ್ಚಿದ್ದರೆ ಕಾದ ನೀರು ಹೆಚ್ಚು ಹೊತ್ತು ಬಿಸಿಯಾಗಿರುತ್ತದೆ.

ಗಡಸು ನೀರಿನವರು ಕೇಳಲೇಬೇಕಾದ ಇನ್ನೊಂದು ವಿಷಯ ಟ್ಯಾಂಕಿನ ಒಳಪದರ. ಗಾಜಿನ ಲೇಪನದ ಟ್ಯಾಂಕ್ ತುಕ್ಕನ್ನು ಚೆನ್ನಾಗಿ ತಡೆಯುತ್ತದೆ. ಅದರೊಳಗೆ ಮೆಗ್ನೀಸಿಯಂನ ಒಂದು ಕಡ್ಡಿ ಇರುತ್ತದೆ, ಆನೋಡ್ ಎನ್ನುತ್ತಾರೆ. ಟ್ಯಾಂಕಿಗೆ ಹಿಡಿಯಬೇಕಾದ ತುಕ್ಕನ್ನು ತಾನೇ ಸವೆದು ತಡೆಯುವುದು ಅದರ ಕೆಲಸ. ಪೂರ್ತಿ ಸವೆಯುವ ಮೊದಲು ಅದನ್ನು ಬದಲಿಸಬೇಕು. ಹನ್ನೊಂದು ವರ್ಷದಲ್ಲಿ ನಾವು ಒಮ್ಮೆಯೂ ಅದನ್ನು ನೋಡಿಸಿರಲಿಲ್ಲ. ಗ್ಯಾರಂಟಿ ಕಾರ್ಡಿನಲ್ಲಿ ಸಾಮಾನ್ಯವಾಗಿ ಟ್ಯಾಂಕಿಗೊಂದು, ಎಲಿಮೆಂಟಿಗೊಂದು, ಉಳಿದದ್ದಕ್ಕೊಂದು ಅವಧಿ ಇರುತ್ತದೆ. ಗಡಸು ನೀರಿನಿಂದಾದ ಹಾನಿಯನ್ನು ಸಣ್ಣ ಅಕ್ಷರಗಳಲ್ಲಿ ಹೊರಗಿಟ್ಟಿರುವುದೂ ಉಂಟು. ಹಣ ಕೊಡುವ ಮೊದಲೇ ಓದಿಸಿಕೊಳ್ಳಿ.

ಗೀಸರಿಗೆ ನಾವು ಕೊಟ್ಟದ್ದು 9,200 ರೂಪಾಯಿ. ಅಷ್ಟರಲ್ಲಿ ಮುಗಿಯಿತೆಂದುಕೊಂಡಿದ್ದೆ. ಆದರೆ ನಲ್ಲಿ ಕಚ್ಚಿದ್ದಕ್ಕೆ ಅರ್ಧ ಕಾರಣ ಮಾತ್ರ ಗೀಸರ್, ಉಳಿದರ್ಧ ನಮ್ಮ ಮನೆಯ ಅರ್ತಿಂಗ್ ಎಂದು ಹುಡುಗ ಹೇಳಿದ. ಅರ್ತ್ ತಂತಿ ಸರಿಯಿದ್ದಿದ್ದರೆ ಸೋರಿದ ಕರೆಂಟು ನೆಲಕ್ಕೆ ಹೋಗುತ್ತಿತ್ತು. ನಮ್ಮ ಅರ್ತ್ ಗುಂಡಿ ಒಣಗಿ ಎಷ್ಟು ಕಾಲವಾಗಿತ್ತೋ! ಹೊಸ ಅರ್ತಿಂಗ್‌ಗೆ 2,800, ಈಎಲ್‌ಸಿಬಿಗೆ 2,400, ದಪ್ಪ ತಂತಿ ಮತ್ತು 16 ಆಂಪಿಯರ್ ಸಾಕೆಟ್‌ಗೆ 1,150, ಪೈಪು ಮತ್ತು ಕೂಲಿಗೆ 900. ಹಳೆಯದಕ್ಕೆ 500 ಕಳೆದು ಒಟ್ಟು 15,950 ರೂಪಾಯಿ.

ಈ ಈಎಲ್‌ಸಿಬಿ ಬಗ್ಗೆ ಎರಡು ಮಾತು ಹೇಳಲೇಬೇಕು. ಮನೆಗಳಲ್ಲಿರುವ ಎಂಸಿಬಿ ತಂತಿಯನ್ನು ಸುಡದಂತೆ ಕಾಯುತ್ತದೆ, ಮನುಷ್ಯನನ್ನಲ್ಲ. ಎಷ್ಟೋ ಮಂದಿ ಎರಡೂ ಒಂದೇ ಎಂದು ತಿಳಿದಿದ್ದಾರೆ. ಹೋದ ಕರೆಂಟಿಗೂ ಮರಳಿ ಬಂದ ಕರೆಂಟಿಗೂ 30 ಮಿಲಿಆಂಪಿಯರ್‌ನಷ್ಟು ವ್ಯತ್ಯಾಸ ಕಂಡರೆ ಕ್ಷಣಾರ್ಧದಲ್ಲಿ ಕಡಿಯುವ ಸಾಧನ ಬೇರೆಯೇ. ಈಎಲ್‌ಸಿಬಿ ಎಂದೇ ಕರೆಯುತ್ತಾರೆ, ಆರ್‌ಸಿಸಿಬಿ ಎಂದು ಕೇಳಿದರೆ ಸರಿಯಾದುದು ಸಿಗುತ್ತದೆ. ಅದರ ಮೇಲಿನ ಟೆಸ್ಟ್ ಗುಂಡಿಯನ್ನು ತಿಂಗಳಿಗೊಮ್ಮೆ ಒತ್ತಿ ನೋಡಬೇಕು. ಗೀಸರ್ ಬದಲಿಸಲು ಹಣ ಸಾಲದಿದ್ದರೆ ಹಳೆಯದನ್ನು ನಿಲ್ಲಿಸಿ, ಮೊದಲು ಇದನ್ನು ಹಾಕಿಸಿ ಎನ್ನುತ್ತೇನೆ ನಾನು.

ಬೇರೆ ದಾರಿಗಳು

"ಸಿಲಿಂಡರ್ ಹೇಗೂ ಇದೆ, ಗ್ಯಾಸ್ ಗೀಸರ್ ಹಾಕಿಸಿ, ಅಗ್ಗ" ಎಂದರು ನೆರೆಯವರು. 2025ರ ಅಕ್ಟೋಬರ್‌ನಲ್ಲಿ ಮೈಸೂರು ಜಿಲ್ಲೆಯ ಪಿರಿಯಾಪಟ್ಟಣದಲ್ಲಿ ಸ್ನಾನಕ್ಕೆ ಹೋದ ಅಕ್ಕ ತಂಗಿಯರಿಬ್ಬರು ಗ್ಯಾಸ್ ಗೀಸರಿನ ಅನಿಲಕ್ಕೆ ಬಲಿಯಾದ ಸುದ್ದಿ ಓದಿದ ಮೇಲೆ ನನಗೆ ಆ ಮಾತು ಬೇಡವಾಗಿತ್ತು. ಬಾಗಿಲು ಕಿಟಕಿ ಮುಚ್ಚಿದ ಕಿರಿದಾದ ಕೋಣೆಯಲ್ಲಿ ಗ್ಯಾಸ್ ಉರಿದರೆ ಗಾಳಿಯಲ್ಲಿನ ಆಮ್ಲಜನಕ ಕಡಿಮೆಯಾಗಿ ಕಾರ್ಬನ್ ಮೋನಾಕ್ಸೈಡ್ ತುಂಬುತ್ತದೆ. ಅದಕ್ಕೆ ಬಣ್ಣವಿಲ್ಲ, ವಾಸನೆಯಿಲ್ಲ. ಪರ್ದಾ ಎಂದು ನಮ್ಮ ಬಚ್ಚಲುಮನೆಯ ಕಿಟಕಿಗಳನ್ನು ನಾವು ಎಷ್ಟು ಭದ್ರವಾಗಿ ಮುಚ್ಚಿರುತ್ತೇವೆಂದು ಯೋಚಿಸಿ. ಈಗಾಗಲೇ ಹಾಕಿಸಿಕೊಂಡಿರುವವರು ಅದನ್ನು ಬಚ್ಚಲಿನ ಹೊರಗೆ, ಗಾಳಿಯಾಡುವ ಕಡೆಗೆ ಸ್ಥಳಾಂತರಿಸಿ, ನೀರಿನ ಪೈಪನ್ನು ಮಾತ್ರ ಒಳಗೆ ತನ್ನಿ.

ಸೋಲಾರ್ ನಮ್ಮ ಬಿಸಿಲಿನ ಸೀಮೆಗೆ ಹೇಳಿಮಾಡಿಸಿದಂಥದು. 2025ರ ಸೆಪ್ಟೆಂಬರ್ 22ರಿಂದ ಅದರ ಮೇಲಿನ ಜಿಎಸ್‌ಟಿ ಶೇಕಡಾ 12ರಿಂದ 5ಕ್ಕೆ ಇಳಿದಿದೆ. ಗಡಸು ನೀರಿಗೆ ತಾಮ್ರದ ಸಣ್ಣ ಕೊಳವೆಗಳ ಫ್ಲಾಟ್ ಪ್ಲೇಟ್‌ಗಿಂತ ಗಾಜಿನ ಕೊಳವೆಯದು ವಾಸಿ, ಬೇಗ ಕಟ್ಟಿಕೊಳ್ಳುವುದಿಲ್ಲ. ನಮ್ಮದು ಶೀಟಿನ ಮಾಡು, ಭಾರ ತಡೆಯದು. ಹಾಗಾಗಿ ಆ ಆಸೆ ಸದ್ಯಕ್ಕೆ ಬಿಟ್ಟೆವು.

ಹೊಸ ಗೀಸರ್ ಬರುವವರೆಗೆ ನಾಲ್ಕು ದಿನ ಹಿತ್ತಲಿನ ಹಂಡೆ ಒಲೆಗೆ ಮರುಜೀವ ಬಂತು. ಹಿಪ್ಪುನೇರಳೆ ಕಡ್ಡಿಯ ಉರಿ, ಹೊಗೆ, ನನ್ನ ಕೆಮ್ಮು. ಅತ್ತೆಗೆ ಮಾತ್ರ ಖುಷಿ. "ಇದು ಕಚ್ಚುವುದಿಲ್ಲ ನೋಡು" ಎಂದು ನಕ್ಕರು. ವುಝೂಗೆ ಒಂದು ತಂಬಿಗೆ ಬಿಸಿನೀರು ಅವರಿಗೆ ಸಾಕಾಗುತ್ತಿತ್ತು. ಅದಕ್ಕಾಗಿ 25 ಲೀಟರ್ ಕಾಯಿಸುತ್ತಿದ್ದವಳು ನಾನು. ಈಗ ಫಜ್ರ್ ಹೊತ್ತಿಗೆ ಒಲೆಯ ಮೇಲೆ ಒಂದು ಕೆಟಲ್ ಇಡುತ್ತೇನೆ. ಗೀಸರನ್ನು ಸ್ನಾನದ ಸಮಯಕ್ಕೆ ಹಾಕಿ, ನೀರು ಕಾದ ಮೇಲೆ ಆರಿಸಿಯೇ ಒಳಗೆ ಹೋಗುವುದೆಂದು ಎಲ್ಲರಿಗೂ ತಾಕೀತು ಮಾಡಿದ್ದೇನೆ. ಶಾಖದ ಗುಂಡಿ 50ಕ್ಕೆ ನಿಂತಿದೆ, ಪೊರೆ ನಿಧಾನವಾಗಿ ಕಟ್ಟಲಿ ಎಂದು. ವರ್ಷಕ್ಕೊಮ್ಮೆ ಎಲಿಮೆಂಟ್ ತೆಗೆದು ಸ್ವಚ್ಛಗೊಳಿಸಿ ಆನೋಡ್ ನೋಡಲು ಅದೇ ಹುಡುಗ ಬರುತ್ತೇನೆಂದಿದ್ದಾನೆ. ಅವನು ಮರೆತರೂ ಮರೆಯಬಾರದೆಂದು ಬಚ್ಚಲುಮನೆಯ ಬಾಗಿಲ ಹಿಂದೆ ಮಗಳಿಂದಲೇ ತಾರೀಖು ಬರೆಸಿದ್ದೇನೆ.