ಪಿಕಪ್ ಕೊಟ್ಟು ಹೈಬ್ರಿಡ್ ಕೊಳ್ಳುವ ಮುನ್ನ

ಮಾಕುಟ್ಟ: ಹಳೆಯ ಡೀಸೆಲ್ ಪಿಕಪ್ ಕೊಟ್ಟು ಹೈಬ್ರಿಡ್ ವಾಹನ ಕೊಳ್ಳುವ ವಿಚಾರದಲ್ಲಿರುವ ಬೆಳೆಗಾರರು ಮೈಲೇಜಿಗಿಂತ ಮೊದಲು ಹೊರೆಯ ಲೆಕ್ಕ ಹಾಕಬೇಕು.

ಪೆರುಂಬಾಡಿಯಿಂದ ಮಾಕುಟ್ಟಕ್ಕೆ ಇಳಿಯುವ ಘಟ್ಟದ ರಸ್ತೆಯಲ್ಲಿ ಹೈಬ್ರಿಡ್‌ಗೆ ಲಾಭವಿದೆ. ಬ್ರೇಕ್ ಒತ್ತಿದಾಗ ಶಾಖವಾಗಿ ವ್ಯರ್ಥವಾಗುವ ಶಕ್ತಿಯ ಒಂದು ಪಾಲನ್ನು ಅದರ ಮೋಟಾರು ವಿದ್ಯುತ್ತಾಗಿಸಿ ಬ್ಯಾಟರಿಗೆ ತುಂಬುತ್ತದೆ. ಆದರೆ ಬ್ಯಾಟರಿ ಚಿಕ್ಕದು. ಉದ್ದನೆಯ ಇಳಿಜಾರಿನಲ್ಲಿ ನಡುದಾರಿಯಲ್ಲೇ ತುಂಬಿಬಿಡಬಹುದು. ಮರಳಿ ಏರುವಾಗ ಅದರ ನೆರವೂ ಬೇಗನೆ ಮುಗಿಯುತ್ತದೆ.

ಬಿಡದಿಯಲ್ಲಿ ತಯಾರಾಗುವ ಇನೋವಾ ಹೈಕ್ರಾಸ್ ಹೈಬ್ರಿಡ್ ಮಾದರಿಗೆ ಲೀಟರಿಗೆ 23.24 ಕಿ.ಮೀ. ಎಂಬ ಪ್ರಮಾಣಿತ ಅಂಕಿಯಿದೆ. ಅದು ಪರೀಕ್ಷಾಲಯದ ಲೆಕ್ಕ. ಎಳೆತ ಮುಂದಿನ ಚಕ್ರಗಳಿಗಷ್ಟೇ. ಮಳೆಗಾಲದ ತೋಟದ ಕೆಸರಿಗೆ ಅದು ಸಾಲದು. ಕಾಫಿ ಮೂಟೆ, ಗೊಬ್ಬರ ಹೇರಲು ಹಿಂಬದಿಯ ತೆರೆದ ಜಾಗವೂ ಇಲ್ಲ.

ತಿಂಗಳಿಗೆ ಒಂದೆರಡು ಬಾರಿ ಮಾತ್ರ ಸರಕು ಸಾಗಿಸುವವರು ಬಾಡಿಗೆ ಪಿಕಪ್ ನೆಚ್ಚಿಕೊಂಡು ಹೈಬ್ರಿಡ್ ಕೊಳ್ಳಬಹುದು. ಕೊಯ್ಲಿನಲ್ಲಿ ದಿನವೂ ಹೇರುವವರು ಪಿಕಪ್ ಉಳಿಸಿಕೊಳ್ಳುವುದೇ ಲೇಸು; ಎಲ್ಲರ ಕೊಯ್ಲೂ ಒಟ್ಟಿಗೇ ಬಂದಾಗ ಬಾಡಿಗೆ ಗಾಡಿ ಸುಲಭಕ್ಕೆ ಸಿಗುವುದಿಲ್ಲ.