ಬೇಸ್ ಜಂಪಿಂಗ್: ಜೀವ ಉಳಿಸುವುದು ಪ್ಯಾರಾಶೂಟ್‌ನ ಮಡಿಕೆ

ವಿಮಾನದಿಂದ ಜಿಗಿಯುವವರ ಬೆನ್ನ ಮೇಲೆ ಎರಡು ಪ್ಯಾರಾಶೂಟ್‌ಗಳಿರುತ್ತವೆ. ಒಂದು ಕೈಕೊಟ್ಟರೆ ಇನ್ನೊಂದನ್ನು ಬಿಚ್ಚಲು ಎತ್ತರವೂ ಇರುತ್ತದೆ. ಕಟ್ಟಡ, ಆಂಟೆನಾ ಗೋಪುರ, ಸೇತುವೆ ಹಾಗೂ ಕಡಿದಾದ ಬಂಡೆಗಳಿಂದ ಧುಮುಕುವ ಬೇಸ್ ಜಂಪಿಂಗ್‌ನಲ್ಲಿ ಈ ಅನುಕೂಲವಿಲ್ಲ. ಇಲ್ಲಿ ಸಾಮಾನ್ಯವಾಗಿ ಇರುವುದು ಒಂದೇ ಪ್ಯಾರಾಶೂಟ್. ಅದು ಎಷ್ಟು ಬೇಗ, ಯಾವ ದಿಕ್ಕಿಗೆ ಅರಳಬೇಕೆಂಬುದು ನೆಲದ ಮೇಲೆ ಮಡಚುವಾಗಲೇ ಬಹುಮಟ್ಟಿಗೆ ನಿರ್ಧಾರವಾಗುತ್ತದೆ.

1978ರಲ್ಲಿ ಅಮೆರಿಕದ ಎಲ್ ಕ್ಯಾಪಿಟನ್ ಬಂಡೆಯಿಂದ ನಡೆದ ಜಿಗಿತಗಳನ್ನು ಕಾರ್ಲ್ ಬೋನಿಶ್ ಚಿತ್ರೀಕರಿಸಿದ ನಂತರ ಈ ಸಾಹಸ ಪ್ರಸಿದ್ಧಿಗೆ ಬಂತು. 1984ರಲ್ಲಿ ನಾರ್ವೆಯ ಬಂಡೆಯೊಂದರಿಂದ ಜಿಗಿದಾಗ ಅವರು ಪ್ರಾಣ ಕಳೆದುಕೊಂಡರು.

ಇಡಾಹೊ ರಾಜ್ಯದ ಪೆರಿನ್ ಸೇತುವೆ ನದಿಯಿಂದ ಸುಮಾರು 148 ಮೀಟರ್ ಎತ್ತರದಲ್ಲಿದೆ. ಅಲ್ಲಿಂದ ಬಿದ್ದ ವಸ್ತು ಐದೂವರೆ ಸೆಕೆಂಡುಗಳಲ್ಲಿ ನೀರು ಮುಟ್ಟುತ್ತದೆ. ಎರಡು ಸೆಕೆಂಡುಗಳ ಪತನದ ನಂತರವೂ ವೇಗ ಗಂಟೆಗೆ 70 ಕಿ.ಮೀ. ಆಸುಪಾಸಿನಲ್ಲಿರುತ್ತದೆ. ಗಾಳಿಯ ಒತ್ತಡ ಕಡಿಮೆ, ಕಾಲಾವಕಾಶ ಇನ್ನೂ ಕಡಿಮೆ.

ಇದಕ್ಕೆ ಮೊದಲ ಉತ್ತರ ಸ್ಲೈಡರ್. ಪ್ಯಾರಾಶೂಟ್‌ನ ಹುರಿಗಳ ಮೇಲೆ ಜಾರುವ ಈ ಚೌಕಾಕಾರದ ಬಟ್ಟೆ ಅರಳುವಿಕೆಯನ್ನು ತಡೆದು ನಿಧಾನಗೊಳಿಸುತ್ತದೆ. ಗಂಟೆಗೆ 190 ಕಿ.ಮೀ. ವೇಗದಲ್ಲಿ ಬೀಳುವವರಿಗೆ ಅದು ರಕ್ಷಕ. ಇಲ್ಲದಿದ್ದರೆ ಹೊಡೆತಕ್ಕೆ ದೇಹವೂ ಬಟ್ಟೆಯೂ ತತ್ತರಿಸುತ್ತವೆ. ಆದರೆ ತಗ್ಗಿನ ಜಿಗಿತದಲ್ಲಿ ಅದೇ ವಿಳಂಬ ಮಾರಕ. ಆದ್ದರಿಂದ ಅಲ್ಪಾವಧಿಯ ಜಿಗಿತಗಳಿಗೆ ಅದನ್ನು ತೆಗೆದಿಡುತ್ತಾರೆ ಅಥವಾ ಕೆಳಗೇ ಕಟ್ಟಿಹಾಕುತ್ತಾರೆ. ನಾರ್ವೆಯ ಷೆರಾಗ್‌ನಂಥ, ಸುಮಾರು ಸಾವಿರ ಮೀಟರ್ ಎತ್ತರದ ಬಂಡೆಯಿಂದ ದೀರ್ಘಕಾಲ ಬೀಳುವಾಗ ಸ್ಲೈಡರ್ ಮತ್ತೆ ಮೇಲೇರುತ್ತದೆ. ಹೆಚ್ಚಾಗಿ ಅದು ಜಾಲರಿ ಬಟ್ಟೆಯದು.

ಎರಡನೆಯದು, ಮುಖ್ಯ ಪ್ಯಾರಾಶೂಟನ್ನು ಚೀಲದಿಂದ ಎಳೆದು ತೆಗೆಯುವ ಪುಟ್ಟ ಪೈಲಟ್ ಚೂಟ್. ವೇಗ ಕಡಿಮೆಯಾದಷ್ಟೂ ಇದು ದೊಡ್ಡದಿರಬೇಕು. ತಗ್ಗಿನ ಜಿಗಿತಕ್ಕೆ 46-48 ಅಂಗುಲ ವ್ಯಾಸದ್ದು ಬೇಕಾದರೆ, ದೀರ್ಘ ಪತನಕ್ಕೆ 32-38 ಅಂಗುಲದ್ದು ಸಾಕು.

ಸ್ಲೈಡರ್ ತೆಗೆದಾಗ ಹೊಸ ಅಪಾಯವೊಂದು ಹುಟ್ಟುತ್ತದೆ. ಚುಕ್ಕಾಣಿಯ ಹುರಿ ಪ್ಯಾರಾಶೂಟ್‌ನ ಮೇಲಕ್ಕೆ ಹಾರಿ ಸಿಕ್ಕಿಕೊಂಡರೆ ಬಟ್ಟೆ ಪೂರ್ತಿ ಅರಳದೆ ಗಿರಕಿ ಹೊಡೆಯುತ್ತದೆ. ಇದನ್ನು ತಡೆಯಲು ಹಿಂಬದಿಯ ಹುರಿಗಳನ್ನು ಒಟ್ಟುಗೂಡಿಸಿ ಸಣ್ಣ ರಬ್ಬರ್ ಬ್ಯಾಂಡಿನಿಂದ ಹಿಡಿದಿಡುತ್ತಾರೆ. 'ಟೇಲ್‌ಗೇಟ್' ಎಂಬ ಈ ಏರ್ಪಾಟು ಬಟ್ಟೆ ಗಾಳಿ ತುಂಬಿಕೊಳ್ಳುತ್ತಿದ್ದಂತೆ ತಾನಾಗಿ ಬಿಟ್ಟುಕೊಳ್ಳುತ್ತದೆ.

ಎಲ್ಲಕ್ಕಿಂತ ಕಠಿಣವಾದುದು ದಿಕ್ಕು. ಆಕಾಶದಲ್ಲಿ ಪ್ಯಾರಾಶೂಟ್ ಹಿಂದುಮುಂದಾಗಿ ಅರಳಿದರೆ ಹಾನಿಯಿಲ್ಲ. ಬಂಡೆಯ ಪಕ್ಕದಲ್ಲಿ ಹಾಗಾದರೆ ಅದು ನೇರ ಬಂಡೆಗೇ ಒಯ್ಯುತ್ತದೆ. ಅದಕ್ಕಾಗಿಯೇ ಮಡಿಕೆಗಳು ಎಡಬಲಗಳಲ್ಲಿ ಸಮನಾಗಿರಬೇಕು. ಒಂದೊಂದು ಮಡಿಕೆಯನ್ನೂ ಕ್ಲಿಪ್ಪು ಹಾಕಿ ಹಿಡಿದು, ತಿದ್ದಿ, ಹುರಿಗಳನ್ನು ಮಧ್ಯಕ್ಕೆ ತರುತ್ತಾರೆ. ಬ್ರೇಕ್ ಹುರಿಗಳನ್ನು ಆಳವಾಗಿ ಎಳೆದು ಕಟ್ಟಿರುವುದರಿಂದ ಅರಳಿದ ಪ್ಯಾರಾಶೂಟ್ ಮುನ್ನುಗ್ಗುವುದಿಲ್ಲ. ಮುಖ ತಿರುಗಿದ್ದರೂ ಸರಿಪಡಿಸಲು ಒಂದೆರಡು ಕ್ಷಣ ದಕ್ಕುತ್ತದೆ.

ಅಡ್ಡಗಾಳಿ ಬೀಸಿದರೆ, ಭುಜಗಳು ಓರೆಯಾದರೆ ಅಚ್ಚುಕಟ್ಟಾದ ಮಡಿಕೆಯೂ ದಿಕ್ಕು ತಪ್ಪಬಹುದು. ಮಡಿಕೆ ಅಪಾಯವನ್ನು ತಗ್ಗಿಸುತ್ತದೆಯೇ ಹೊರತು ಇಲ್ಲವಾಗಿಸುವುದಿಲ್ಲ. ಜಿಗಿತ ಕೆಲವೇ ಸೆಕೆಂಡುಗಳದ್ದಾದರೂ ಅದರ ಸಿದ್ಧತೆಗೆ ಅವಸರ ಸಲ್ಲದು ಎನ್ನುವುದು ಇದೇ ಕಾರಣಕ್ಕೆ.