ಸಲಾಕೆಗೆ ಸಿಕ್ಕಿದ ಒಂಗೋಲಿನ ಹಿಣಿಲು

ಬ್ರೆಜಿಲ್ ದೇಶದಲ್ಲಿ ಕೆಂಡದ ಮೇಲೆ ಸುಟ್ಟ ಮಾಂಸಕ್ಕೆಂದೇ ಮೀಸಲಾದ ಭೋಜನಶಾಲೆಗಳಿವೆ. ಅವುಗಳಿಗೆ ‘ಶುರಾಸ್ಕರಿಯ’ ಎಂದು ಹೆಸರು. ಇಂಥ ಅನೇಕ ಕಡೆ ಊಟಕ್ಕೆ ಕುಳಿತವರ ಮುಂದೆ ಒಂದು ಪುಟ್ಟ ಬಿಲ್ಲೆ ಇರುತ್ತದೆ. ಅದರ ಒಂದು ಬದಿ ಹಸಿರು, ಇನ್ನೊಂದು ಬದಿ ಕೆಂಪು. ಹಸಿರು ಮೇಲಿದ್ದರೆ ಬಡಿಸುತ್ತಿರಿ ಎಂದರ್ಥ. ಕೆಂಪು ಮೇಲಾದರೆ ಸಾಕು ಎಂದರ್ಥ. ತಲೆಗೆ ಇಷ್ಟೆಂದು ದರ ಮೊದಲೇ ನಿಗದಿ. ಆಮೇಲೆ ಎಷ್ಟು ತಿಂದರೂ ಕೇಳುವವರಿಲ್ಲ. ಸರದಿಯಲ್ಲಿ ಸುತ್ತುತ್ತ ಬಡಿಸುವ ಈ ಕ್ರಮವೇ ‘ರೊಡಿಜಿಯೊ’. 1960ರ ದಶಕದಲ್ಲಿ ದಕ್ಷಿಣ ಬ್ರೆಜಿಲಿನವರು ನಡೆಸುತ್ತಿದ್ದ ಹೆದ್ದಾರಿ ಬದಿಯ ಹೋಟೆಲುಗಳಲ್ಲಿ ಬೆಳೆದ ಈ ಪದ್ಧತಿ ಇಂದು ಅಮೆರಿಕ, ಯುರೋಪಿನ ನಗರಗಳಿಗೂ ಹಬ್ಬಿದೆ.

ಬಡಿಸುವವರು ಉದ್ದನೆಯ ಸಲಾಕೆ ಹಿಡಿದು ಮೇಜಿನಿಂದ ಮೇಜಿಗೆ ಬರುತ್ತಾರೆ. ಚೂರಿಯಿಂದ ತೆಳ್ಳಗೆ ಕೊಯ್ದ ಮಾಂಸವನ್ನು ಉಣ್ಣುವವರು ಚಿಕ್ಕ ಚಿಮಟಿಗೆಯಲ್ಲಿ ಹಿಡಿದುಕೊಳ್ಳಬೇಕು. ಸಾಮಾನ್ಯವಾಗಿ ಮೊದಲು ಬರುವುದು ಅಗ್ಗದ ಸಾಸೇಜು, ಕೋಳಿ, ಕೋಳಿಯ ಹೃದಯ. ಜತೆಗೆ ಅನ್ನ, ಕರಿ ಬೀನ್ಸ್, ಹುರಿದ ಮರಗೆಣಸಿನ ಹಿಟ್ಟು ‘ಫರೋಫ’, ಕರಿದ ಬಾಳೆಹಣ್ಣು. ಇವುಗಳಿಂದಲೇ ಹೊಟ್ಟೆ ತುಂಬಿಸಿಕೊಂಡರೆ ಲಾಭ ಮಾಲೀಕನಿಗೆ. ಆದ್ದರಿಂದ ಅನುಭವಸ್ಥರು ‘ಪಿಕಾನ್ಯ’ಕ್ಕಾಗಿ ಕಾಯುತ್ತಾರೆ. ಸೊಂಟದ ಹಿಂಭಾಗದ ಈ ಮಾಂಸದ ಮೇಲೆ ಕೊಬ್ಬಿನ ದಪ್ಪ ಪದರವಿರುತ್ತದೆ. ಅದನ್ನು ಬಿಲ್ಲಿನಂತೆ ಬಾಗಿಸಿ ಸಲಾಕೆಗೆ ಚುಚ್ಚಿ ಸುಡುತ್ತಾರೆ. ಮಸಾಲೆ ಇಲ್ಲ, ಇರುವುದು ಕಲ್ಲುಪ್ಪು ಮಾತ್ರ.

ಉಪ್ಪೊಂದೇ ಏಕೆ? ಉತ್ತರ ದಕ್ಷಿಣದ ಹುಲ್ಲುಗಾವಲಿನಲ್ಲಿದೆ. ದಕ್ಷಿಣ ಅಮೆರಿಕದಲ್ಲಿ ಮೂಲತಃ ದನಗಳೇ ಇರಲಿಲ್ಲ. 16ನೇ ಶತಮಾನದಲ್ಲಿ ಸ್ಪೇನ್ ಮತ್ತು ಪೋರ್ಚುಗಲ್‌ನವರು ತಂದ ದನಗಳು ‘ಪಂಪಾ’ ಬಯಲಿನಲ್ಲಿ ಕಾಡುದನಗಳಾಗಿ ಹೆಚ್ಚಿದವು. ಅವುಗಳನ್ನು ಕುದುರೆ ಮೇಲೆ ಬೆನ್ನಟ್ಟುತ್ತಿದ್ದ ಸವಾರರೇ ‘ಗೌಚೊ’ಗಳು. ಆಗ ಬೆಲೆಯಿದ್ದುದು ಚರ್ಮಕ್ಕೆ. ಮಾಂಸ ಬಯಲಲ್ಲೇ ಕೊಳೆಯುತ್ತಿತ್ತು. ಬೇಕಾದಷ್ಟನ್ನು ಕೊಯ್ದು, ಕೋಲಿಗೆ ಚುಚ್ಚಿ, ಕೆಂಡದ ಪಕ್ಕದಲ್ಲಿ ನೆಟ್ಟರೆ ಊಟ ಸಿದ್ಧ.

ಈ ಸಮೃದ್ಧಿಗೆ ಇನ್ನೊಂದು ಮುಖವೂ ಇತ್ತು. 18ನೇ ಶತಮಾನದ ಕೊನೆಯಲ್ಲಿ ದಕ್ಷಿಣದ ಪೆಲೋಟಾಸ್ ಪಟ್ಟಣದ ಸುತ್ತ ಮಾಂಸಕ್ಕೆ ಉಪ್ಪು ಹಚ್ಚಿ ಒಣಗಿಸುವ ಕಾರ್ಖಾನೆಗಳು ತಲೆಯೆತ್ತಿದವು. ಅಲ್ಲಿ ದುಡಿದವರು ಆಫ್ರಿಕ ಮೂಲದ ಗುಲಾಮರು. ಆ ಒಣಮಾಂಸ ಹಡಗೇರಿ ಹೋಗುತ್ತಿದ್ದುದೂ ಬಹುಮಟ್ಟಿಗೆ ಬೇರೆಡೆಯ ತೋಟಗಳ ಗುಲಾಮರ ಹೊಟ್ಟೆಗೇ. ಬ್ರೆಜಿಲಿನಲ್ಲಿ ಗುಲಾಮಗಿರಿ ರದ್ದಾದದ್ದು 1888ರಲ್ಲಿ.

ಹುತ್ತದ ಹೆಸರಿನ ತುಂಡು

ಸಲಾಕೆಗಳ ಸಾಲಿನಲ್ಲಿ ‘ಕುಪಿಂ’ ಎಂಬುದೊಂದಿದೆ. ಪೋರ್ಚುಗೀಸಿನಲ್ಲಿ ಈ ಪದಕ್ಕೆ ಗೆದ್ದಲು ಎಂದರ್ಥ. ನೋಡಲು ಹುತ್ತದಂತಿರುವುದರಿಂದ ಈ ಹೆಸರು. ಅದು ಬೇರೇನಲ್ಲ, ಎತ್ತಿನ ಹೆಗಲ ಮೇಲಿನ ಹಿಣಿಲು. ಎಳೆಗಳ ನಡುವೆ ಕೊಬ್ಬು ಸೇರಿದ ಈ ಮಾಂಸ ಮೆತ್ತಗಾಗಲು ಗಂಟೆಗಟ್ಟಲೆ ಬೇಯಬೇಕು. ಯುರೋಪಿನ ದನಗಳಿಗೆ ಹಿಣಿಲಿಲ್ಲ. ಹಾಗಾದರೆ ಇದು ಎಲ್ಲಿಂದ ಬಂತು?

ಭಾರತದಿಂದ. 1868ರಲ್ಲಿ ಇಂಗ್ಲೆಂಡಿಗೆ ಹೊರಟಿದ್ದ ಹಡಗೊಂದು ಬ್ರೆಜಿಲಿನ ಸಾಲ್ವಡೋರ್ ಬಂದರಿನಲ್ಲಿ ತಂಗಿದಾಗ, ಅದರಲ್ಲಿದ್ದ ಭಾರತದ ದನಗಳ ಜೋಡಿಯೊಂದು ಅಲ್ಲೇ ಮಾರಾಟವಾಯಿತೆಂದು ತಳಿಯ ಚರಿತ್ರೆ ಹೇಳುತ್ತದೆ. ಮುಂದೆ ಆಂಧ್ರದ ಒಂಗೋಲು, ಗುಜರಾತಿನ ಗಿರ್, ಕಾಂಕ್ರೇಜ್ ತಳಿಗಳು ಹಡಗೇರಿದವು. ಕೊನೆಯ ದೊಡ್ಡ ಆಮದು ನಡೆದದ್ದು 1960ರ ದಶಕದ ಆರಂಭದಲ್ಲಿ. ಬಿಸಿಲು, ಉಣ್ಣೆ, ಒರಟು ಹುಲ್ಲು ಯಾವುದಕ್ಕೂ ಜಗ್ಗದ ಒಂಗೋಲು ತಳಿ ಅಲ್ಲಿ ‘ನೆಲೋರೆ’ ಆಯಿತು. ನೆಲ್ಲೂರಿನ ಹೆಸರೇ ಅದು. ಯುರೋಪಿನ ತಳಿಗಳು ತಂಪಾದ ದಕ್ಷಿಣಕ್ಕೆ ಸೀಮಿತವಾದರೆ ನೆಲೋರೆ ದೇಶದ ಬಿಸಿ ನಡುನಾಡನ್ನೆಲ್ಲ ಆವರಿಸಿತು. ಬ್ರೆಜಿಲಿನಲ್ಲಿ ಈಗ 20 ಕೋಟಿಗೂ ಮಿಕ್ಕಿ ದನಗಳಿವೆ, ಅಲ್ಲಿನ ಜನಸಂಖ್ಯೆಗಿಂತ ಹೆಚ್ಚು. ಮಾಂಸದ ದನಗಳಲ್ಲಿ ಬಹುಪಾಲು ನೆಲೋರೆ ರಕ್ತದವು. ‘ವಿಯಾಟಿನಾ-19’ ಎಂಬ ನೆಲೋರೆ ಹಸುವಿಗೆ 2023ರಲ್ಲಿ 40 ಲಕ್ಷ ಡಾಲರಿಗೂ ಹೆಚ್ಚಿನ ಬೆಲೆ ಕಟ್ಟಲಾಯಿತು. ತವರಿನಲ್ಲಿ ಮಾತ್ರ, ನೇಗಿಲು ಮತ್ತು ಗಾಡಿಗೆ ಹೆಸರಾದ ಒಂಗೋಲು ಎತ್ತುಗಳ ಸಂಖ್ಯೆ ಟ್ರ್ಯಾಕ್ಟರ್ ಬಂದ ಮೇಲೆ ಇಳಿಮುಖವಾಗಿದೆ.

ಕಾಡಿನ ಲೆಕ್ಕ

ಬಿಸಿಲು ತಾಳುವ ಗುಣವೇ ನೆಲೋರೆಯನ್ನು ಅಮೆಜಾನ್ ಕಾಡಿನ ಅಂಚಿಗೂ ಕೊಂಡೊಯ್ಯಿತು. ಅಲ್ಲಿ ಕಡಿದ ಕಾಡಿನ ಬಹುಭಾಗ ಹುಲ್ಲುಗಾವಲಾಗಿದೆ. ಹೊಸದಾಗಿ ಕಾಡು ಕಡಿದ ಜಮೀನಿನ ದನಗಳನ್ನು ಕೊಳ್ಳುವುದಿಲ್ಲವೆಂದು ದೊಡ್ಡ ಮಾಂಸ ಕಂಪನಿಗಳು 2009ರಲ್ಲಿ ಮಾತು ಕೊಟ್ಟವು. ಆದರೆ ಕರು ಹುಟ್ಟುವುದು ಒಂದು ಕಡೆ, ಬೆಳೆಯುವುದು ಇನ್ನೊಂದು ಕಡೆ, ಕೊಬ್ಬುವುದು ಮತ್ತೊಂದು ಕಡೆ. ಕಂಪನಿ ಪರಿಶೀಲಿಸುವುದು ಹೆಚ್ಚಾಗಿ ಕೊನೆಯ ಜಮೀನನ್ನು ಮಾತ್ರ. ಮೊದಲ ಜಮೀನಿನ ಕೊಡಲಿ ಪೆಟ್ಟು ಕಾಗದದಲ್ಲಿ ಕಾಣಿಸುವುದಿಲ್ಲ.

ಪ್ರತಿಯೊಂದು ದನಕ್ಕೂ ಗುರುತಿನ ಸಂಖ್ಯೆ ಕೊಡುವ ಯೋಜನೆಯನ್ನು ಬ್ರೆಜಿಲ್ ಸರ್ಕಾರ 2024ರ ಡಿಸೆಂಬರಿನಲ್ಲಿ ಪ್ರಕಟಿಸಿತು. ಅದು ಪೂರ್ಣವಾಗಲು 2032ರ ಗಡುವಿದೆ. ಅಲ್ಲಿಯವರೆಗೆ, ತಟ್ಟೆಗೆ ಬಿದ್ದ ತುಂಡು ಹಳೆಯ ಹುಲ್ಲುಗಾವಲಿನದೋ, ಮೊನ್ನೆ ಮೊನ್ನೆ ಕಡಿದ ಕಾಡಿನದೋ ಎಂದು ಕೇಳಿದರೆ ಸಲಾಕೆ ಹಿಡಿದವನಲ್ಲೂ ಉತ್ತರವಿರುವುದಿಲ್ಲ.